ಅಂಬಲಿ ಊಟದ ಲೆಕ್ಕವಲ್ಲ

ಮನುಷ್ಯನ ದೇಹದೊಳಗೆ ಬಾಯಿಯಲ್ಲಿ ಆರಂಭವಾಗಿ, ಸಭ್ಯರು ಹೆಸರಿಸದ ಜಾಗದಲ್ಲಿ ಮುಗಿಯುವ ಸುಮಾರು ಮೂವತ್ತು ಅಡಿ ಉದ್ದದ ಒಂದು ದಾರಿಯಿದೆ. ರಾಜನಾಗಲಿ ರೈತನಾಗಲಿ, ಅವನ ಶೌರ್ಯ, ಭಕ್ತಿ, ನಿದ್ದೆ, ನೆಮ್ಮದಿ ಎಲ್ಲವೂ ಕಡೆಗೆ ಈ ದಾರಿಯ ಕೃಪೆಯಲ್ಲೇ ನಿಂತಿವೆ. ಇಷ್ಟು ಗಹನವಾದ ದಾರಿಯಲ್ಲಿ ಬರಬಹುದಾದ ಕಾಯಿಲೆಗಳು ನೂರಾರು ಎಂದು ವೈದ್ಯರು ಹೇಳುತ್ತಾರೆ. ನಮ್ಮ ಮಂಡ್ಯ ಸೀಮೆಯಲ್ಲಿ ಒಂದೇ. ಗ್ಯಾಸು.

ಎದೆ ಉರಿದರೆ ಗ್ಯಾಸು, ತಲೆ ಸುತ್ತಿದರೆ ಗ್ಯಾಸು, ಬೆನ್ನು ಹಿಡಿದುಕೊಂಡರೆ ಬೆನ್ನಿಗೆ ಏರಿದ ಗ್ಯಾಸು, ಮಂಡಿ ನೋವು ಬಂದರೆ ಮಂಡಿಗೆ ಇಳಿದ ಗ್ಯಾಸು. ಮದ್ದೂರಿನ ಬಸ್ ನಿಲ್ದಾಣದಲ್ಲಿ ಹೊಟ್ಟೆ ಹಿಡಿದುಕೊಂಡು ಒಂದು ನಿಮಿಷ ಕುಳಿತು ನೋಡಿ. ನೀವು ಯಾರು, ಎಲ್ಲಿಯವರು ಎಂದು ಕೇಳುವ ಮೊದಲೇ ನಾಲ್ಕು ಜನ ನಾಲ್ಕು ಔಷಧಿ ಹೇಳುತ್ತಾರೆ: ಜೀರಿಗೆ ಕಷಾಯ, ಓಮಿನ ನೀರು, ನಿಂಬೆಹಣ್ಣಿನ ಸೋಡಾ, ಮೆಡಿಕಲ್ ಸ್ಟೋರಿನ ಗುಲಾಬಿ ಬಣ್ಣದ ಟಾನಿಕ್ಕು. ಔಷಧಿಯ ವಿಷಯದಲ್ಲಿ ಅವರವರಲ್ಲೇ ಜಗಳವಾಗಬಹುದು. ಕಾಯಿಲೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ.

ನಾನು ಈ ಮತಕ್ಕೆ ಸೇರಿದವನಲ್ಲ ಎಂದು ಹೇಳಿಕೊಳ್ಳಲು ಬಹಳ ಆಸೆಯಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು. ಎಂಟನೇ ತರಗತಿಯ ಮಕ್ಕಳಿಗಾಗಿ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಜೀರ್ಣಾಂಗಗಳ ಚಿತ್ರ ಬರೆದವನು. ಜಠರಕ್ಕೆ ಹಳದಿ, ಸಣ್ಣ ಕರುಳಿಗೆ ಕೆಂಪು, ದೊಡ್ಡ ಕರುಳಿಗೆ ನೀಲಿ ಸೀಮೆಸುಣ್ಣ. ನನ್ನ ಚಿತ್ರವನ್ನು ಅಳಿಸಲು ಮುಂದಿನ ಪಿರಿಯಡ್ಡಿನ ಮೇಷ್ಟರುಗಳಿಗೂ ಮನಸ್ಸು ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಇಷ್ಟೆಲ್ಲ ಇದ್ದೂ, ನನ್ನ ಅಕ್ಕನಿಗೆ ಕಾಯಿಲೆ ಬಂದಾಗ ಅದನ್ನು ಗ್ಯಾಸು ಎಂದು ಮೊದಲು ಘೋಷಿಸಿದ ವಿದ್ಯಾವಂತ ನಾನೇ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಆ ಉಪಕಾರವನ್ನು ನಾನು ನಿವೃತ್ತನಾದ ಮೇಲೂ ಜ್ಞಾಪಿಸುತ್ತಿರುವವಳು. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ನಾಲೆ ಏರಿಯ ಮೇಲೆ ಹತ್ತು ನಿಮಿಷ ನಡೆದರೆ ಅವಳ ಊರು. ಭಾವ ಇಲ್ಲ. ಮಗ ಗದ್ದೆ ನೋಡಿಕೊಳ್ಳುತ್ತಾನೆ, ಸೊಸೆ ಮನೆ ನೋಡಿಕೊಳ್ಳುತ್ತಾಳೆ, ಅಕ್ಕ ಅವರಿಬ್ಬರನ್ನೂ ನೋಡಿಕೊಳ್ಳುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮದ್ದೂರಿನ ನನ್ನ ಮನೆಯಿಂದ ಹೋಗಿದ್ದೆ. ಯಾವಾಗಲೂ ಬಸ್ಸಿಳಿಯುವ ಕಡೆಗೇ ಬಂದು ನಿಲ್ಲುವ ಅಕ್ಕ ಅಂದು ಏರಿಯ ಅರ್ಧದಲ್ಲಿ ಕಲ್ಲಿನ ಮೇಲೆ ಕುಳಿತಿದ್ದಳು.

"ಯಾಕಕ್ಕ, ಇಲ್ ಕುಂತ್ಬುಟ್ಟೆ?"

"ಯಾಕೋ ಕಣ್ಲಾ, ಏರಿ ಅತ್ತಕ್ಕೆ ಆಗಾಕಿಲ್ಲ. ಉಸ್ರು ಕಟ್ಟಂಗಾಯ್ತದೆ."

"ಗ್ಯಾಸ್ ಇರ್ಬೇಕು ಬುಡು."

"ನಾನೂ ಅದೇ ಅಂದೆ."

ಹೀಗೆ ಒಂದೇ ನಿಮಿಷದಲ್ಲಿ ಎರಡು ಸ್ವತಂತ್ರ ಅಭಿಪ್ರಾಯಗಳು ಒಂದಾದವು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬಹಳ ಬೆಲೆ ಇದೆಯಂತೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಕ್ಕ ಮುದ್ದೆಯಲ್ಲಿ ಅರ್ಧ ಬಿಟ್ಟಳು. ನಮ್ಮ ಕಡೆ ಥರ್ಮಾಮೀಟರು ಇಲ್ಲದ ಮನೆ ಇರಬಹುದು, ಯಾರು ಎಷ್ಟು ಮುದ್ದೆ ಉಂಡರು ಎಂದು ಕಣ್ಣಳತೆಯಲ್ಲೇ ತಿಳಿಯದ ಮನೆ ಇಲ್ಲ. ಅಕ್ಕನದು ಯಾವಾಗಲೂ ಒಂದೂವರೆ. ಅಂದು ಅರ್ಧ. ಸೊಸೆ ನನ್ನ ಮುಖ ನೋಡಿದಳು. ನಾನು ಸಾರಿನಲ್ಲಿ ಹುಳಿ ಜಾಸ್ತಿಯಾಗಿದೆ ಎಂದೆ.

ಯುಗಾದಿಯ ಹೊತ್ತಿಗೆ ಅವಳ ಕುಪ್ಪಸ ಸಡಿಲವಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಮಗ ಮಳವಳ್ಳಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಹಳಬರು, ಕೈಗುಣವುಳ್ಳವರು ಎಂದು ಹೆಸರಾದವರು. ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ಏಳು ಇತ್ತು. ಒಂದು ಸೂಜಿ, ಒಂದು ಟಾನಿಕ್ಕು, ಮೂರು ತಿಂಗಳ ಕಬ್ಬಿಣದ ಮಾತ್ರೆ. ರಕ್ತ ಕಡಿಮೆಯಾಗಿದೆ, ತುಂಬಿಕೊಡೋಣ ಎಂಬುದು ಅವರ ವಿಚಾರ. ತೊಟ್ಟಿಯಲ್ಲಿ ನೀರು ಕಡಿಮೆಯಾದರೆ ನೀರು ಬಿಡುವುದು ಸರಿಯೇ. ಎಲ್ಲಿ ಸೋರುತ್ತಿದೆ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಒಂದು ಮಾತು ಮಾತ್ರ ಮುಂದಾಲೋಚನೆಯಿಂದ ಹೇಳಿ ಕಳುಹಿಸಿದರು: ಈ ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ.

ಹೆದರಬೇಡಿ ಎಂದು ಡಾಕ್ಟರೇ ಹೇಳಿದ ಮೇಲೆ ನಮ್ಮ ಮನೆಯವರು ಯಾವುದಕ್ಕೂ ಹೆದರುವವರಲ್ಲ. ಮೂರು ತಿಂಗಳು ಯಾರೂ ಹೆದರಲಿಲ್ಲ.

ಮಳೆಗಾಲ ಶುರುವಾದಾಗ ರಕ್ತ ಏಳರಿಂದ ಎಂಟೂವರೆಗೆ ಏರಿ, ಮತ್ತೆ ಏಳಕ್ಕೇ ಇಳಿಯಿತು; ಅದೇ ಮಾತ್ರೆಯನ್ನು ಮುಂದುವರಿಸಿದರು. ಆಗ ನನ್ನೊಳಗಿನ ಮೇಷ್ಟರು ಸ್ವಲ್ಪ ಎಚ್ಚರಗೊಂಡ. ಏರಿದ್ದು ಇಳಿಯಬೇಕಾದರೆ ಎಲ್ಲೋ ಹೋಗುತ್ತಿರಬೇಕು. ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಲು ಅಕ್ಕನನ್ನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಆ ಪ್ರಶ್ನೆಯನ್ನು ಒಬ್ಬ ತಮ್ಮ ತನ್ನ ಹಿರಿಯಕ್ಕನನ್ನು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಚಂದ್ರಲೋಕದ ವಿಷಯ ಕೇಳಬಹುದು, ಹೊರಕಡೆಗೆ ಹೋಗುವ ವಿಷಯ ಕೇಳುವ ಹಾಗಿಲ್ಲ. ಆದ್ದರಿಂದ ನಾನು ಅದನ್ನು ಸರಿಯಾದ ಮಾರ್ಗದಲ್ಲಿ ಕಳುಹಿಸಿದೆ.

"ಅಕ್ಕಂಗೆ ಮಲದಲ್ಲಿ ರಕ್ತಗಿಕ್ತ ಏನಾದ್ರೂ ಹೋಗ್ತದಾ ಅಂತ ಕೇಳು," ಎಂದು ನನ್ನ ಹೆಂಡತಿಗೆ ಹೇಳಿದೆ.

ಹೆಂಡತಿ ಅಕ್ಕನ ಸೊಸೆಗೆ ಫೋನು ಮಾಡಿದಳು. "ಅತ್ತಿಗೆಗೆ ಬೆಳಿಗ್ಗೆ ಎಲ್ಲಾ ಸಲೀಸಾಗಿ ಆಯ್ತದೇನಮ್ಮ?"

ಸೊಸೆ ಫೋನು ಹಿಡಿದುಕೊಂಡೇ ಅಂಗಳಕ್ಕೆ ಕೂಗಿದ್ದು ನನಗೂ ಕೇಳಿಸಿತು. "ಅತ್ತೆ, ಮದ್ದೂರ್ನೋರು. ಚೆನ್ನಾಗಿದ್ದಾರಾ ಅಂತ ಕೇಳ್ತಾವ್ರೆ."

"ಚೆನ್ನಾಗಿವ್ನಿ ಅನ್ನು. ಅವ್ರೆಂಗವ್ರಂತೆ?"

ಉತ್ತರ ಅದೇ ಮಾರ್ಗದಲ್ಲಿ, ಎರಡು ಕಚೇರಿಗಳನ್ನು ಹಾದು ನನ್ನ ಬಳಿಗೆ ಬಂತು. "ಏನೂ ತೊಂದ್ರೆ ಇಲ್ವಂತೆ ಕಣ್ರೀ," ಎಂದಳು ಹೆಂಡತಿ. ನಾನು ಸಮಾಧಾನಪಟ್ಟೆ. ಇಂದು ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇನ್ನೂ ಒಂದು ತಿಂಗಳು ಕಳೆಯಿತು. ಅರ್ಧವಿದ್ದ ಮುದ್ದೆ ಕಾಲಾಯಿತು. ಕಡೆಗೆ ಅಕ್ಕನ ಮಗ ಅವಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಬಾಯಿಂದ ಕ್ಯಾಮೆರಾದ ಪೈಪು ಬಿಟ್ಟು ಹೊಟ್ಟೆ ನೋಡಿಸಿದ. ಸಂಜೆ ನನಗೆ ಫೋನು ಬಂತು. ಧ್ವನಿಯಲ್ಲಿ ವಿಜಯೋತ್ಸವ.

"ಮಾವ, ಏನೂ ಇಲ್ವಂತೆ! ಬರೀ ಗ್ಯಾಸು. ಫೋಟೋನೇ ಕೊಟ್ಟವ್ರೆ, ಕಲರ್ದು."

ಜಠರದ ಗೋಡೆಯಲ್ಲಿ ಸ್ವಲ್ಪ ಕೆಂಪಾಗಿದೆಯಂತೆ, ಎರಡು ತಿಂಗಳು ಮಾತ್ರೆ ಕೊಟ್ಟಿದ್ದಾರಂತೆ. ಒಂದು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರೆ ಸ್ವಲ್ಪ ಕೆಂಪು ಯಾರದ್ದರಲ್ಲಿ ಸಿಗುವುದಿಲ್ಲ! ಆದರೆ ಅಂದು ಆ ಕೆಂಪು ಇಡೀ ಸೀಮೆಯ ಸಿದ್ಧಾಂತಕ್ಕೆ ಮೊಹರು ಒತ್ತಿದಂತಾಯಿತು. ಅಕ್ಕನ ಮಗ ಫೋಟೋವನ್ನು ಮೊಬೈಲಿನಲ್ಲಿ ನೆಂಟರಿಗೆಲ್ಲ ಕಳುಹಿಸಿದ. ನನ್ನ ಅಕ್ಕನ ಜಠರವನ್ನು ನಿಡಘಟ್ಟದಲ್ಲಿರುವ ನಮ್ಮ ಬೀಗರೂ ನೋಡಿ, ಚೆನ್ನಾಗಿ ಬಂದಿದೆ ಎಂದರು.

ರಿಪೋರ್ಟನ್ನು ನಾನು ಕಣ್ಣಾರೆ ಕಂಡದ್ದು ಅದಾಗಿ ಐದು ವಾರಕ್ಕೆ. ಅಕ್ಕನ ಮನೆಗೆ ಹೋದಾಗ ಕೇಳಿದೆ. ಸೊಸೆ ಬೀರು ತೆಗೆದು, ರೇಷ್ಮೆ ಸೀರೆಗಳ ಕೆಳಗಿನಿಂದ ಅದನ್ನು ಜೋಪಾನವಾಗಿ ತೆಗೆದುಕೊಟ್ಟಳು. ಮುಖ್ಯವಾದ ಕಾಗದವೆಂದು ಅಲ್ಲಿಟ್ಟಿದ್ದಳು. ಮೊದಲ ಪುಟದಲ್ಲಿ ಬಣ್ಣದ ಚಿತ್ರಗಳು. ಎರಡನೆಯ ಪುಟದ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಎರಡೇ ಸಾಲು: ಇಷ್ಟು ರಕ್ತಹೀನತೆಗೆ ಜಠರದಲ್ಲಿ ಕಂಡದ್ದು ಸಾಕಷ್ಟು ಕಾರಣವಲ್ಲ, ದೊಡ್ಡ ಕರುಳನ್ನು ತಡಮಾಡದೆ ನೋಡಿಸಬೇಕು.

"ಇದನ್ನ ಓದ್ಲಿಲ್ವೇನಪ್ಪ?" ಎಂದೆ ಅಕ್ಕನ ಮಗನಿಗೆ.

"ಓದ್ದೆ ಮಾವ. ಎರ್ಡ್ ತಿಂಗ್ಳು ಮಾತ್ರೆ ಮುಗೀಲಿ, ಆಮೇಲ್ ನೋಡನ ಅಂತ."

"ತಡ ಮಾಡ್ದೆ ಅಂತ ಬರ್ದಿದ್ದಾರಲ್ಲಪ್ಪ."

"ಅವ್ರು ಎಲ್ಲಾರ್ಗೂ ಅಂಗೇ ಬರೀತಾರೆ ಬುಡಿ ಮಾವ. ಕಂಪ್ಯೂಟ್ರು."

ಅವನನ್ನು ಬೈಯಲು ಬಾಯಿ ತೆರೆದೆ. ಕೇಳುವವನಿಗೆ ನಲವತ್ತು ದಾಟಿದೆ, ಬೈಯುವವನು ಗ್ಯಾಸಿನ ಮೂಲಪುರುಷ. ಬಾಯಿ ಮುಚ್ಚಿದೆ. ರಿಪೋರ್ಟನ್ನು ಇನ್ನೊಮ್ಮೆ ಓದಿದೆ. ವಯಸ್ಸು, ರಕ್ತಹೀನತೆ, ತೂಕ ಇಳಿದದ್ದು, ಆ ಎರಡು ಸಾಲು: ಇವಿಷ್ಟನ್ನೂ ಜೋಡಿಸಿದರೆ ಡಾಕ್ಟರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲು ಎಂಟನೇ ತರಗತಿಯ ಪಾಠ ಸಾಕು. ಗಡ್ಡೆ. ಇದ್ದರೆ ಅದು ದಿನದಿನಕ್ಕೂ ಬೆಳೆಯುತ್ತಿರುತ್ತದೆ, ನಾವು ರಿಪೋರ್ಟಿಗೆ ಸೀರೆ ಹೊದಿಸಿಟ್ಟಿದ್ದೇವೆ.

ಅಂದೇ ಜಗಲಿಯ ಮೇಲೆ ಅಕ್ಕನ ಮುಂದೆ ಕುಳಿತು ವಿಷಯ ಎತ್ತಿದೆ. ಈ ಸಲ ಮಧ್ಯವರ್ತಿಗಳಿಲ್ಲ.

"ಬಾಯಿಂದ ಬುಟ್ಟಿದ್ದು ಸಾಲ್ದು ಅಂತ ಇಂದ್ಗಡೆಯಿಂದ್ಲೂ ಬುಡ್ತಾರಾ?" ಎಂದಳು ಅಕ್ಕ. "ನಾಚ್ಕೆ ಆಗಾಕಿಲ್ವೇನ್ಲಾ ನಿಂಗೆ, ಅಕ್ಕನ್ ಕೂಟೆ ಇಂತಾ ಮಾತಾಡಕ್ಕೆ?"

"ಮೂವತ್ತು ವರ್ಸ ಮಕ್ಳಿಗೆ ಹೇಳ್ಕೊಟ್ಟಿದ್ದೀನಿ ಕಣಕ್ಕ. ನಾಚ್ಕೆ ಎಲ್ಲಾ ಹೋಗೈತೆ."

"ಮಕ್ಳಿಗೆ ಬೋರ್ಡ್ ಮ್ಯಾಗೆ ಬರ್ದೆ. ನಾನೇನ್ ಬೋರ್ಡಾ?"

"ಅದ್ರಲ್ಲಿ ಏನೂ ನೋವಾಗಲ್ಲ. ನಿದ್ದೆ ಬರೋ ಮದ್ದು ಕೊಡ್ತಾರೆ."

"ನಿದ್ದೆ ಬೇರೆ ಮಾಡ್ಸುಬುಡ್ತಾರಾ! ಯಾವನು ಏನ್ ಮಾಡ್ದ ಅಂತ ಗೊತ್ತೂ ಆಗಾಕಿಲ್ಲ. ಓಗ್ಲಾ, ಓಗು."

ಸಂಧಾನ ಎರಡು ಗಂಟೆ ನಡೆಯಿತು. ಸೊಸೆ ಎರಡು ಸಲ ಕಾಫಿ ತಂದಳು. ಕಡೆಗೆ ಅಕ್ಕ ಎರಡು ಷರತ್ತುಗಳ ಮೇಲೆ ಒಪ್ಪಿದಳು. ಒಂದು, ನೋಡುವ ಡಾಕ್ಟರು ಹೆಂಗಸಾಗಿರಬೇಕು. ಎರಡು, ಊರಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದು. ಕಣ್ಣು ತೋರಿಸಲು ಹೋಗುತ್ತಿದ್ದೇನೆಂದು ಹೇಳಬೇಕು. ಮೊದಲನೆಯದಕ್ಕೆ ಮಂಡ್ಯದಲ್ಲಿ ಒಬ್ಬರು ಸಿಕ್ಕಿದರು. ಎರಡನೆಯದರಿಂದಾಗಿ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಅವಳ ರೆಪ್ಪೆ ಎತ್ತಿ ನೋಡಿ, ಪೊರೆ ಬಂದಿರುವುದು ಹೌದು ಎಂದು ದೃಢಪಡಿಸಿ ಹೋದರು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ದೊಡ್ಡ ಕರುಳನ್ನು ನೋಡಬೇಕಾದರೆ ಅದು ಖಾಲಿಯಿರಬೇಕು. ಅದಕ್ಕೆಂದು ಡಾಕ್ಟರು ಅಚ್ಚು ಹಾಕಿಸಿದ ಒಂದು ಹಾಳೆ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ, ಎರಡೂ ಬದಿ. ಒಂದು ವಾರ ಮೊದಲೇ ಯಾವ ಮಾತ್ರೆ ನಿಲ್ಲಿಸಬೇಕು, ಮೂರು ದಿನ ಮೊದಲೇ ಯಾವ ಕಾಳು, ಯಾವ ಸೊಪ್ಪು, ಯಾವ ಹಿಟ್ಟು ಬಿಡಬೇಕು, ಹಿಂದಿನ ದಿನ ಲೋಟದಲ್ಲಿ ಹಾಕಿದರೆ ಆಚೆ ಬದಿ ಕಾಣುವಷ್ಟು ತಿಳಿಯಾದದ್ದನ್ನು ಮಾತ್ರ ಕುಡಿಯಬೇಕು ಎಂದೆಲ್ಲ ವಿವರವಾಗಿ ಇತ್ತು. ಇದನ್ನು ಕನ್ನಡದಲ್ಲಿ ಬರೆದುಕೊಡುವ ಹೊಣೆ ನನ್ನದು. ಸಂಗ್ರಹಿಸಿ ಬರೆಯುವುದು ಮೇಷ್ಟರ ಚಾಳಿ. ಹಳ್ಳಿಯ ಹೆಣ್ಣುಮಗಳಿಗೆ ಗೊಂದಲವಾಗಬಾರದು ಎಂದು ನಾನು ಎರಡು ಬದಿಯನ್ನೂ ಹಿಂಡಿ ನಾಲ್ಕು ಅಂಶ ಮಾಡಿದೆ. ಹಿಂದಿನ ದಿನ ಗಟ್ಟಿ ಆಹಾರ ಸೇವಿಸತಕ್ಕದ್ದಲ್ಲ. ತೆಳ್ಳಗಿನ ಆಹಾರ ಮಾತ್ರ. ಸಂಜೆ, ಮತ್ತೆ ಬೆಳಗಿನ ಜಾವ, ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. ಎಂಟು ಗಂಟೆಗೆ ಮಂಡ್ಯದಲ್ಲಿರತಕ್ಕದ್ದು. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ನೋಡಲು ಬಹಳ ಚೆನ್ನಾಗಿತ್ತು.

ಆ ಬೆಳಿಗ್ಗೆ ಅವರು ಬಾಡಿಗೆ ಕಾರಿನಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅಕ್ಕ ನನ್ನನ್ನು ನೋಡಿದವಳೇ, "ಏನ್ ಪುಡಿ ಕೊಟ್ಯೋ ತಮ್ಮ, ಬಚ್ಲಿಗೆ ಓಗಿ ಬಂದು ಕಾಲ್ ಸೇದೋಗವೆ," ಎಂದಳು. ಸೊಸೆ, "ನೀವ್ ಬರ್ದಂಗೇ ಒಂದೂ ಬುಡ್ದೆ ಮಾಡಿವ್ನಿ ಮಾವ," ಎಂದಳು. ಅಕ್ಕನನ್ನು ಒಳಗೆ ಕರೆದುಕೊಂಡರು. ಅಕ್ಕನ ಮಗ, ಸೊಸೆ, ನಾನು ಮೂವರೂ ಹೊರಗೆ ಕುಳಿತೆವು. ಕಾಲು ಗಂಟೆಯೂ ಆಗಿರಲಿಲ್ಲ, ಬಾಗಿಲು ತೆರೆದು ಡಾಕ್ಟರೇ ಬಂದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮುಖಗವಸು ಕೆಳಗೆ ಎಳೆದುಕೊಂಡರು.

"ಮೇಷ್ಟ್ರೇ, ಇವ್ರಿಗೆ ನಿನ್ನೆ ಏನು ಕೊಟ್ಟಿದ್ರಿ?"

"ದ್ರವಾಹಾರ," ಎಂದೆ ನಾನು, ಗಂಭೀರವಾಗಿ.

"ಯಾವ ದ್ರವ?"

ನಾನು ಸೊಸೆಯ ಕಡೆ ನೋಡಿದೆ. ಅವಳು ಮುಂದೆ ಬಂದಳು. "ಅಂಬ್ಲಿ ಮೇಡಂ. ಬೆಳಿಗ್ಗೆ ಒಂದ್ ಚೊಂಬು, ಮಧ್ಯಾನ ಒಂದ್ ಚೊಂಬು. ಸಾಯಂಕಾಲ ಪುಡಿ ಕುಡುದ್ರೆ ಸುಸ್ತಾಯ್ತದೆ ಅಂತ ಒಸಿ ಜಾಸ್ತಿನೇ ಕೊಟ್ಟೆ."

"ಕಬ್ಬಿಣದ ಮಾತ್ರೆ?"

"ಒಂದಿನಾನೂ ತಪ್ಸಿಲ್ಲ ಮೇಡಂ. ಇವತ್ ಬೆಳಿಗ್ಗೇನೂ ಕೊಟ್ಟೇ ಕರ್ಕಬಂದೆ."

ಡಾಕ್ಟರು ಒಂದು ಕ್ಷಣ ಗೋಡೆಯ ಕಡೆ ನೋಡಿದರು. "ಒಳಗೆ ನಾಟಿ ಹಾಕೋ ಗದ್ದೆ ಥರ ಇದೆ," ಎಂದರು. "ಎಡಗಡೆ ದಾಟೋ ತನಕ ಹೇಗೋ ಹೋದೆ. ಆಮೇಲೆ ಕರುಳಿನ ಗೋಡೆನೇ ಕಾಣಲ್ಲ. ಕಪ್ಪು ಕೆಸರು. ನಾನು ನೋಡ್ಬೇಕಾಗಿರೋದು ಆ ಕಡೆದನ್ನ. ಹಾಳೆ ಕೊಟ್ಟಿದ್ವಲ್ಲ, ಓದ್ಲಿಲ್ವಾ?"

"ಮಾವ ಬರ್ಕೊಟ್ಟಿದ್ರು," ಎಂದು ಸೊಸೆ ಕೈಚೀಲದಿಂದ ನನ್ನ ಹಸ್ತಾಕ್ಷರದ ಕಾಗದ ತೆಗೆದು ಅವರ ಕೈಗಿತ್ತಳು. ಡಾಕ್ಟರು ಓದಿದರು. ಕೆಂಪು ಅಡಿಗೆರೆಗಳನ್ನೂ ಗಮನಿಸಿದರು. ಏನೂ ಹೇಳದೆ ಅದನ್ನು ಮಡಿಚಿ ನನಗೆ ಕೊಟ್ಟರು. ನನ್ನ ಸೇವಾವಧಿಯಲ್ಲಿ ಇನ್‌ಸ್ಪೆಕ್ಟರುಗಳು ಬಂದು ಬೈದು ಹೋದದ್ದುಂಟು. ಯಾವ ಬೈಗುಳವೂ ಹೀಗೆ ತಾಕಿರಲಿಲ್ಲ.

ಸೊಸೆಯದು ತಪ್ಪೇನಿತ್ತು? ಅಂಬಲಿಯನ್ನು ನಮ್ಮಲ್ಲಿ ಯಾರೂ ಊಟವೆಂದು ಲೆಕ್ಕ ಹಿಡಿಯುವುದಿಲ್ಲ. ರಾಗಿಹಿಟ್ಟನ್ನು ನೀರಿನಲ್ಲಿ ಬೇಯಿಸಿ, ಮಜ್ಜಿಗೆ ಬೆರೆಸಿ, ಗದ್ದೆಯ ಬದುವಿನ ಮೇಲೆ ನಿಂತುಕೊಂಡೇ ಒಂದು ಚೊಂಬು ಕುಡಿದವನೂ ಮನೆಗೆ ಬಂದು ಇನ್ನೂ ಏನೂ ತಿಂದಿಲ್ಲ ಎಂದೇ ಹೇಳುತ್ತಾನೆ, ಮತ್ತು ಅವನು ಸುಳ್ಳು ಹೇಳುತ್ತಿಲ್ಲ. ಅದು ನೀರಿನ ಜಾತಿ. ಇಂಗ್ಲಿಷ್ ಹಾಳೆಯಲ್ಲಿ ರಾಗಿ ಎಂದೇ ಬರೆದಿತ್ತು, ಕಬ್ಬಿಣದ ಮಾತ್ರೆ ಎಂದೇ ಬರೆದಿತ್ತು. ಎರಡನ್ನೂ ಅನಗತ್ಯ ವಿವರವೆಂದು ತೆಗೆದುಹಾಕಿದವನು ನಾನು.

ಮಂಪರಿನಿಂದ ಎದ್ದ ಅಕ್ಕ, "ಆಯ್ತೇನ್ಲಾ?" ಎಂದಳು.

"ಆಗ್ಲಿಲ್ಲ ಕಣಕ್ಕ. ಇನ್ನೊಂದ್ಸಲ ಬರ್ಬೇಕು. ಅಂಬ್ಲಿ ಕುಡೀಬಾರ್ದಿತ್ತಂತೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. "ಅಂಬ್ಲಿನ ಊಟ ಅಂತ ಯೋಳ್ದೋನ್ ಯಾವನ್ಲಾ?" ಎಂದಳು. "ಅವ್ನ್ ಕಂಬ್ಳಿ ನೇಯ!" ಎಂದು ಶಪಿಸಿ ಗೋಡೆಯ ಕಡೆ ತಿರುಗಿ ಮಲಗಿದಳು.

ಡಾಕ್ಟರು ಹತ್ತು ದಿನ ಬಿಟ್ಟು ಬರಹೇಳಿದರು. ಆ ಹತ್ತು ದಿನ ಅಕ್ಕ ಮದ್ದೂರಿನ ನಮ್ಮ ಮನೆಯಲ್ಲೇ ಇರತಕ್ಕದ್ದೆಂದು ನಾನು ತೀರ್ಮಾನಿಸಿದೆ. ಕಬ್ಬಿಣದ ಮಾತ್ರೆಗಳನ್ನು ನನ್ನ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಇಂಗ್ಲಿಷ್ ಹಾಳೆಯನ್ನು ಈ ಸಲ ಒಂದಕ್ಷರ ಬಿಡದೆ ಕನ್ನಡಕ್ಕೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದನ್ನು ನನ್ನ ಹೆಂಡತಿ ಓದಲಿಲ್ಲ; ಆಕೆ ಆಸ್ಪತ್ರೆಗೇ ಫೋನು ಮಾಡಿ ನರ್ಸಿನ ಬಾಯಿಂದ ಕೇಳಿ ತಿಳಿದುಕೊಂಡಳು. ನನ್ನ ಅನುವಾದದ ಮೇಲೆ ಮನೆಯಲ್ಲಿ ವಿಶ್ವಾಸ ಹೋಗಿತ್ತು.

ಕೊನೆಯ ಮೂರು ದಿನಗಳಲ್ಲಿ ಮೊದಲೆರಡು ದಿನ ಬರೀ ಬಿಳಿ ಅನ್ನ, ಸೋಸಿದ ತಿಳಿಸಾರು, ಮಜ್ಜಿಗೆ; ಕಡೆಯ ದಿನ ಎಳನೀರಿನಂಥ ತಿಳಿಯಾದದ್ದು ಮಾತ್ರ. ಮುದ್ದೆಯಿಲ್ಲ, ಸೊಪ್ಪಿಲ್ಲ, ಕಾಳಿಲ್ಲ. ಅಕ್ಕ ತಟ್ಟೆಯನ್ನು ನೋಡಿ, "ಇದೇನಮ್ಮ, ಬಾಣಂತಿಗಿಕ್ಕಂಗೆ ಇಕ್ಕಿದ್ದೀಯೆ?" ಎಂದು ನನ್ನ ಹೆಂಡತಿಯನ್ನು ಕೇಳುತ್ತಿದ್ದಳು. ಆಕೆ, "ಸುಮ್ಕೆ ಉಣ್ಣಿ ಅತ್ತಿಗೆ, ಆಮೇಲೆ ಏನ್ ಬೇಕಾದ್ರೂ ಮಾಡಾಕ್ತೀನಿ," ಎನ್ನುತ್ತಿದ್ದಳು. ಆ ಮಾತು ಅಕ್ಕನಿಗೆ ಹಿಡಿಸಲಿಲ್ಲ. "ಆಮೇಲೆ ಅಂತ ಒಂದಿದ್ರೆ ತಾನೆ," ಎಂದಳು ಒಂದು ಸಲ. ಹೆಂಡತಿ ಒಳಗೆ ಹೋದಳು.

ಆ ದಿನಗಳಲ್ಲಿ ನನಗೆ ಯಾರನ್ನು ಕಂಡರೂ ಸಿಟ್ಟು. ಸೂಜಿ ಕೊಟ್ಟ ಹಳೆಯ ಡಾಕ್ಟರ ಮೇಲೆ, ಕಂಪ್ಯೂಟರ್ ಎಂದ ಅಕ್ಕನ ಮಗನ ಮೇಲೆ, ಬೀರುವಿನ ಮೇಲೆ. ಎಲ್ಲರಿಗಿಂತ ಹೆಚ್ಚಾಗಿ ನನ್ನ ಅಕ್ಷರದ ಅಂದದ ಮೇಲೆ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದಳು. ಬೇಡವೆಂದರೂ ಕೈಗೆ ಏನಾದರೂ ಕೆಲಸ ಬೇಕು. ನಾನು ಎಳನೀರು ಕೊಟ್ಟು ಪಕ್ಕದಲ್ಲಿ ಕುಳಿತೆ. ಅವಳು ತಲೆ ಎತ್ತದೆ ಹೇಳಿದಳು:

"ಮಾತ್ರೆ ನುಂಗಾಕ್ ಮುಂಚೇನೇ ಕಪ್ಗೇ ಇತ್ತು ಕಣ್ಲಾ."

ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡಳು.

"ಸಂಕ್ರಾಂತಿಗೂ ಇಂದೇ. ಎರ್ಡ್ ಮೂರ್ ಸಲಿ ಕೆಂಪ್ಗೂ ಬಂತು. ಎಲೆ ಅಡ್ಕೆ ಆಕ್ತೀನಲ್ಲ, ಅದೇ ಬಣ್ಣ ಇರ್ಬೇಕು ಅನ್ಕಂಡೆ."

"ಯಾಕಕ್ಕ ಯೋಳ್ಲಿಲ್ಲ?" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಆ ಡಾಕ್ಟ್ರಿಗಾದ್ರೂ ಯೋಳ್ಬೇಕು ತಾನೆ? ಎಂಟು ತಿಂಗ್ಳಾಯ್ತಲ್ಲಕ್ಕ!"

"ಯಾರ್ಗ್ ಯೋಳನ? ಮಗಂಗ್ ಯೋಳನಾ? ಆ ಗಂಡ್ ಡಾಕ್ಟ್ರಿಗಾ?" ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿದಳು. "ನಿಂಗ್ ಯೋಳಿದ್ರೆ ನೀನೇನಂತಿದ್ದೆ? ಗ್ಯಾಸು ಅಂತಿದ್ದೆ."

ಎಳನೀರಿನ ಲೋಟ ಖಾಲಿಯಾಗಿತ್ತು, ಇನ್ನೊಂದು ತರಲು ಎದ್ದೆ.

ಮರುದಿನ ಬೆಳಿಗ್ಗೆ ಮಂಡ್ಯದಲ್ಲಿ ಅವಳು ಒಳಗೆ ಹೋದ ಮೇಲೆ ಅರ್ಧ ಗಂಟೆ ಕಳೆದರೂ ಯಾರೂ ಬರಲಿಲ್ಲ. ಹೋದ ಸಲ ಬೇಗ ಬಾಗಿಲು ತೆರೆದದ್ದಕ್ಕೆ ನಾಚಿಕೊಂಡಿದ್ದ ನಾನೇ ಈಗ ತೆರೆಯದ ಬಾಗಿಲನ್ನು ನೋಡಲಾರದೆ ಗೋಡೆಯ ಮೇಲಿನ ಜೀರ್ಣಾಂಗದ ಚಿತ್ರ ನೋಡುತ್ತ ನಿಂತೆ. ಬಣ್ಣಗಳು ನನ್ನವಷ್ಟು ಚೆನ್ನಾಗಿರಲಿಲ್ಲ. ಕಡೆಗೆ ನರ್ಸು ಬಂದು, "ಮೇಷ್ಟ್ರು ಮಾತ್ರ ಒಳಗ್ ಬರ್ಬೇಕಂತೆ," ಎಂದಳು. ಅಕ್ಕನ ಮಗ ಎದ್ದು ನಿಂತವನು ಹಾಗೇ ಕುಳಿತುಕೊಂಡ. ಮಾತ್ರ ಎಂಬ ಮಾತು ಅವನಿಗೆ ಅರ್ಥವಾಗಿತ್ತು.

ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕರುಳಿನ ಗೋಡೆ ತೊಳೆದ ನೆಲದ ಹಾಗೆ ಸ್ವಚ್ಛವಾಗಿ, ನಸುಗೆಂಪಾಗಿ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿ ತಯಾರಾಗಿ ಬಂದವರು ಕಡಿಮೆ ಎಂದರು. ನನಗೆ ಒಂದು ಕ್ಷಣ ಹೆಮ್ಮೆಯಾಯಿತು, ನಾಚಿಕೆಯಿಲ್ಲದೆ. ಆಮೇಲೆ ಅವರು ಒಂದು ಗುಂಡಿ ಒತ್ತಿ ಮುಂದಿನ ಚಿತ್ರ ತಂದರು. ಬಲಗಡೆ, ದೊಡ್ಡ ಕರುಳು ಮೇಲಕ್ಕೆ ಏರುವ ಭಾಗದಲ್ಲಿ, ದಾರಿಯ ಅರ್ಧವನ್ನು ಮುಚ್ಚಿಕೊಂಡು, ಮೇಲೆಲ್ಲ ಹುಣ್ಣಾಗಿ, ಅಂಚಿನಲ್ಲಿ ರಕ್ತ ಜಿನುಗುತ್ತ ಅದು ಕುಳಿತಿತ್ತು. ಹೋದ ಸಲ ಅವರು ತಲುಪಲಾರದೆ ಹಿಂದಿರುಗಿದ ಭಾಗ ಅದೇ.

"ಆರು ಚೂರು ತೆಗೆದು ಪರೀಕ್ಷೆಗೆ ಕಳಿಸ್ತಿದೀನಿ. ಆದ್ರೆ ನೋಡಿದ್ರೇ ಗೊತ್ತಾಗುತ್ತೆ," ಎಂದರು. "ಮನೆಯವರಿಗೆ ನೀವೇ ಹೇಳ್ತೀರಾ?"

ಮನೆಯವರಿಗೆ ಹೇಳಿದೆ. ಅಕ್ಕನಿಗೆ ಹೇಳಬಾರದೆಂದು ಅಕ್ಕನ ಮಗ ಕೈಹಿಡಿದು ಕೇಳಿಕೊಂಡ. ಹೇಳದೆ ಎಂಟು ತಿಂಗಳು ಕಳೆದದ್ದು ಸಾಲದೇನಪ್ಪ ಎಂದೆ. ವಾರದ ಮೇಲೆ ಚೂರುಗಳ ಫಲಿತಾಂಶವೂ, ಈ ನಡುವೆ ಮಾಡಿಸಿದ ಸ್ಕ್ಯಾನಿನ ರಿಪೋರ್ಟೂ ಬಂದಾಗ ಅಕ್ಕನೂ ಡಾಕ್ಟರ ಮುಂದೆಯೇ ಕುಳಿತಿದ್ದಳು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಕ್ಯಾನ್ಸರ್ ಗಡ್ಡೆ, ಮೈಸೂರಿನಲ್ಲಿ ಆಪರೇಷನ್ ಮಾಡಿಸಬೇಕು, ಬೇಗ.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಅತ್ತದ್ದು ಸೊಸೆ, ಅಕ್ಕ ಅವಳನ್ನು, "ಸುಮ್ಕಿರಮ್ಮಿ, ಮೇಡಂ ಏನೋ ಯೋಳ್ತಾವ್ರೆ," ಎಂದು ಗದರಿದಳು. ಆಮೇಲೆ ಕೇಳಿದಳು:

"ಯುಗಾದೀಲೇ ಬಂದಿದ್ರೆ ಇದು ಚಿಕ್ದಿರ್ತಿತ್ತಾ ಮೇಡಂ?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. "ಇರ್ತಿತ್ತಮ್ಮ," ಎಂದರು. "ಆದ್ರೆ ಗಾತ್ರಕ್ಕಿಂತ ಮುಖ್ಯ, ಅದು ಅಲ್ಲಿಂದ ಆಚೆ ಹೋಗಿದ್ಯಾ ಅನ್ನೋದು. ಸ್ಕ್ಯಾನಿನಲ್ಲಿ ಲಿವರಿಗೆ ಹೋಗಿಲ್ಲ. ಪಕ್ಕದಲ್ಲಿರೋ ಸಣ್ಣ ಸಣ್ಣ ಗ್ರಂಥಿಗಳಿಗೆ ಹೋಗಿದ್ಯಾ ಅಂತ ತೆಗೆದು ನೋಡಿದ ಮೇಲೇ ಹೇಳೋಕಾಗೋದು."

"ಓಗಿದ್ರೆ?"

"ಓಗಿದ್ರೆ ಆರು ತಿಂಗಳು ಬೇರೆ ಔಷಧಿ ತಗೋಬೇಕಾಗುತ್ತೆ, ಡ್ರಿಪ್ಪಿನಲ್ಲಿ. ಓಗದೆ ಇದ್ರೆ ಆಪರೇಷನ್ನಿಗೇ ಮುಗೀತು."

ಗಾಬರಿಯಲ್ಲೂ ನನಗೆ ಕೇಳಿಸಿತು: ಅಕ್ಕನ ಮುಂದೆ ಆ ಹೆಣ್ಣುಮಗಳೂ ನಮ್ಮ ಕಡೆಯ ಮಾತಿಗೇ ಇಳಿದಿದ್ದರು. ಅಕ್ಕ ತಲೆಯಾಡಿಸಿದಳು. ಎಷ್ಟು ದಿನಕ್ಕೆ ತಿಳಿಯುತ್ತದೆ ಎಂದು ಕೇಳಿದಳು. ಆಪರೇಷನ್ ಆಗಿ ಹತ್ತು ದಿನಕ್ಕೆ ಎಂದರು.

ದಸರಾ ಹಬ್ಬದ ಹಿಂದಿನ ವಾರ ಮೈಸೂರಿನಲ್ಲಿ ಆಪರೇಷನ್ ಆಯಿತು. ದೊಡ್ಡ ಕರುಳಿನ ಬಲಭಾಗವನ್ನು ಪೂರ್ತಿ ತೆಗೆದು, ಸಣ್ಣ ಕರುಳನ್ನು ಉಳಿದದ್ದಕ್ಕೆ ಸೇರಿಸಿ ಹೊಲಿದರು. ಅಕ್ಕ ಆರನೆಯ ದಿನ ಎದ್ದು ನಡೆದಳು, ಒಂಬತ್ತನೆಯ ದಿನ ಮನೆಗೆ ಕಳುಹಿಸಿದರು. ರಿಪೋರ್ಟು ತರಲು ನಾನೇ ಹೋಗಿದ್ದೆ. ಎರಡೂ ಪುಟಗಳನ್ನು, ಕೆಳಗಿನ ಸಾಲಿನವರೆಗೆ, ಆಸ್ಪತ್ರೆಯ ಕಿಟಕಿಯ ಬಳಿಯೇ ನಿಂತು ಓದಿದೆ. ಗಡ್ಡೆ ಐದು ಸೆಂಟಿಮೀಟರ್ ಇತ್ತು. ಅದರ ಜೊತೆ ತೆಗೆದ ಹದಿನೇಳು ಗ್ರಂಥಿಗಳಲ್ಲಿ ಎರಡಕ್ಕೆ ಹರಡಿತ್ತು.